ಜಮೀನಿನ ದಾಖಲೆ ಮತ್ತು ಬೆಳೆ ಸಮೀಕ್ಷೆ: ರೈತರು ತಾವೇ ನೋಡಿಕೊಳ್ಳತಕ್ಕ ಬಗೆ

ಕೊರಟಗೆರೆ ತಾಲ್ಲೂಕು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆಯಾಗಿರುತ್ತದೆ. ಜಯಮಂಗಲಿ, ಸುವರ್ಣಮುಖಿ ನದಿಗಳ ಬದಿಯಲ್ಲಿಯೂ ಕೆರೆಗಳ ಕೆಳಗೂ ಅಡಿಕೆ, ತೆಂಗಿನ ತೋಟಗಳಿದ್ದರೂ, ಹೆಚ್ಚಿನ ಹೊಲಗಳು ಖುಷ್ಕಿಯಾಗಿದ್ದು, ಅವುಗಳಲ್ಲಿ ರಾಗಿ, ಕಡಲೆಕಾಯಿ, ಮುಸುಕಿನ ಜೋಳ, ತೊಗರಿ ಮೊದಲಾದವುಗಳನ್ನು ಬೆಳೆಯುತ್ತಾರೆ. ಇಂತಹ ಸೀಮೆಯಲ್ಲಿ ಮಳೆ ತಪ್ಪಿದ ವರ್ಷ ರೈತನಿಗೆ ದೊರೆಯತಕ್ಕ ಪರಿಹಾರವೂ, ಬೆಳೆ ವಿಮೆಯ ಹಣವೂ, ಬೆಳೆ ಚೆನ್ನಾಗಿ ಬಂದ ವರ್ಷ ಬೆಂಬಲ ಬೆಲೆಗೆ ರಾಗಿಯನ್ನು ಮಾರುವ ಅನುಕೂಲವೂ, ಅವನ ಸರ್ವೆ ನಂಬರಿನ ಎದುರಿಗೆ ಏನು ಬರೆದಿದೆ ಎಂಬುದನ್ನೇ ಅವಲಂಬಿಸಿರುತ್ತವೆ. ಆದುದರಿಂದ ಆ ಬರವಣಿಗೆ ಎಲ್ಲಿ ಇರುತ್ತದೆ, ಅದನ್ನು ರೈತನು ತಾನೇ ಹೇಗೆ ನೋಡಬಹುದು, ತಪ್ಪಿದ್ದರೆ ಎಲ್ಲಿ ತಿದ್ದಿಸಬೇಕು ಎಂಬ ವಿಷಯಗಳನ್ನು ಪ್ರತಿಯೊಬ್ಬ ಜಮೀನುದಾರನೂ ತಿಳಿದಿರುವುದು ಅವಶ್ಯಕ.

ಪೂರ್ವದಲ್ಲಿ ಪಹಣಿಯ ಪುಸ್ತಕವು ಶಾನುಭೋಗರ ಮನೆಯಲ್ಲಿರುತ್ತಿತ್ತು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದ ಮೇಲೆ ಅದು ಗ್ರಾಮಲೆಕ್ಕಿಗರ ವಶಕ್ಕೆ ಬಂದಿತು. ಆಗಲೂ ಪುಸ್ತಕವು ಕೈಬರಹದ್ದೇ ಆಗಿದ್ದುದರಿಂದ ಅದರಲ್ಲಿ ಏನಿದೆ ಎಂಬುದು ರೈತನಿಗೆ ಸುಲಭವಾಗಿ ತಿಳಿಯುತ್ತಿರಲಿಲ್ಲ. 2000ನೆಯ ಇಸವಿಯ ಸುಮಾರಿಗೆ ಕಂದಾಯ ಇಲಾಖೆಯವರು ‘ಭೂಮಿ’ ಎಂಬ ಯೋಜನೆಯಿಂದ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಗಳಲ್ಲಿ ಅಚ್ಚಾದ ಪಹಣಿಯನ್ನು ಕೊಡುವ ಏರ್ಪಾಡು ಮಾಡಿದರು. ಕೈಬರಹದ ಪಹಣಿಗೆ ಅಲ್ಲಿಂದೀಚೆಗೆ ಬೆಲೆಯಿಲ್ಲದಂತಾಯಿತು.

ಈಗ ಇಂತಹ ಮಾಹಿತಿಯ ಉಗ್ರಾಣಗಳು ಮುಖ್ಯವಾಗಿ ಮೂರು ಇರುತ್ತವೆ. ಮೊದಲನೆಯದು ‘ಭೂಮಿ’, ಇದರಲ್ಲಿ ಜಮೀನು ಯಾರದು, ವಿಸ್ತೀರ್ಣವೆಷ್ಟು ಎಂಬುದು ಸರ್ವೆ ನಂಬರು ಮತ್ತು ಹಿಸ್ಸಾ ಪ್ರಕಾರ ಇರುತ್ತದೆ. ಎರಡನೆಯದು ‘ಫ್ರೂಟ್ಸ್’, ಇದರಲ್ಲಿ ರೈತನ ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ, ಅವನ ಯಾವತ್ತೂ ಸರ್ವೆ ನಂಬರುಗಳು ಸೇರಿರುತ್ತವೆ, ರೈತನಿಗೆ ಎಫ್‌ಐಡಿ ಎಂಬ ಒಂದು ಗುರುತಿನ ಸಂಖ್ಯೆಯನ್ನು ಕೊಟ್ಟಿರುತ್ತಾರೆ. ಮೂರನೆಯದು ಬೆಳೆ ಸಮೀಕ್ಷೆ. ಇದರಲ್ಲಿ ಆ ಹಂಗಾಮಿನಲ್ಲಿ ಯಾವ ಹೊಲದಲ್ಲಿ ಯಾವ ಪೈರು ಎಷ್ಟು ವಿಸ್ತೀರ್ಣದಲ್ಲಿದೆ ಎಂಬುದು ಛಾಯಾಚಿತ್ರದೊಡನೆ ದಾಖಲಾಗಿರುತ್ತದೆ. 2020ರ ಮುಂಗಾರಿನಿಂದ ರೈತರೇ ಹೊಲದಲ್ಲಿ ನಿಂತು ಮೊಬೈಲಿನ ಮೂಲಕ ಈ ಸಮೀಕ್ಷೆಯನ್ನು ಮಾಡುವ ಅವಕಾಶವಿರುತ್ತದೆ.

ಈ ಮೂರನ್ನೂ ಒಂದಕ್ಕೊಂದು ಕಟ್ಟುವ ಹಗ್ಗವೆಂದರೆ ಸರ್ವೆ ನಂಬರು ಮತ್ತು ಎಫ್‌ಐಡಿ. ಪರಿಹಾರದ ಪಟ್ಟಿಯನ್ನು ಮಾಡುವವರೂ, ವಿಮೆಯನ್ನು ಪರಿಶೀಲಿಸುವವರೂ, ರಾಗಿ ಖರೀದಿಯ ಕೇಂದ್ರದವರೂ ತಂತಮ್ಮ ಕಿಟಕಿಗಳಿಂದ ಇದೇ ಉಗ್ರಾಣಗಳೊಳಕ್ಕೆ ನೋಡುತ್ತಾರೆ. ರೈತನಿಗೂ ಇಂತಹ ಒಂದು ಕಿಟಕಿಯುಂಟು. ‘ಬೆಳೆ ದರ್ಶಕ್’ ಎಂಬ ಮೊಬೈಲ್ ಆ್ಯಪಿನಲ್ಲಿ ಅವನು ತನ್ನ ಹೊಲದ ಎದುರಿಗೆ ಬರೆದಿರುವ ಬೆಳೆಯನ್ನೂ ಚಿತ್ರವನ್ನೂ ತಾನೇ ನೋಡಿ, ತಪ್ಪಿದ್ದರೆ ಆಕ್ಷೇಪಣೆಯನ್ನು ಸಲ್ಲಿಸಬಹುದು.

ಇಲ್ಲಿ ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳತಕ್ಕ ಸಂಗತಿಯೊಂದಿದೆ. ಹಿಂದಿನವರು ರಾಗಿಯನ್ನು ಹಗೇವಿನಲ್ಲಿ ತುಂಬುತ್ತಿದ್ದರು. ಒಣಗಿದ ಕಾಳನ್ನು ತುಂಬಿ ಬಾಯಿಯನ್ನು ಭದ್ರಪಡಿಸಿದರೆ ಅದು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಹಸಿಯ ಕಾಳನ್ನೇ ತುಂಬಿದರೆ, ಸೇರಿನಿಂದ ಅಳೆದರೂ ಕೊಳಗದಿಂದ ಅಳೆದರೂ ಮೇಲೆ ಬರುವುದು ಮುಗ್ಗಿದ ರಾಗಿಯೇ. ಅದರಂತೆಯೇ ಉಗ್ರಾಣದಲ್ಲಿ ತಪ್ಪು ಬರೆದಿದ್ದರೆ ಎಲ್ಲ ಕಿಟಕಿಗಳಲ್ಲಿಯೂ ಅದೇ ತಪ್ಪು ಕಾಣುತ್ತದೆ. ಕಿಟಕಿಯಲ್ಲಿ ಕುಳಿತ ಗುಮಾಸ್ತನು ಅದನ್ನು ಓದಬಲ್ಲನೇ ಹೊರತು ತಿದ್ದಲಾರನು. ತಪ್ಪು ಹುಟ್ಟಿದ ಕಡೆಯಲ್ಲಿಯೇ ಅದನ್ನು ತಿದ್ದಿಸಬೇಕು.

ಒಂದು ಉದಾಹರಣೆಯನ್ನು ನೋಡಬಹುದು. ಹೊಳವನಹಳ್ಳಿ ಹೋಬಳಿಯ ಒಬ್ಬ ರೈತನು ತನ್ನ 3 ಎಕರೆ ಖುಷ್ಕಿಯಲ್ಲಿ 2 ಎಕರೆಗೆ ರಾಗಿಯನ್ನೂ, 1 ಎಕರೆಗೆ ಕಡಲೆಕಾಯಿಯನ್ನೂ ಬಿತ್ತಿದನೆಂದು ಇಟ್ಟುಕೊಳ್ಳೋಣ. ಸಮೀಕ್ಷೆಯಲ್ಲಿ ರಾಗಿಯ 2 ಎಕರೆ ಬೀಳು ಎಂದು ಸೇರಿಹೋಯಿತು. ಮಳೆ ತಪ್ಪಿ ಪೈರು ಒಣಗಿತು. 2022-23ರಿಂದ 2025-26ರ ಅವಧಿಗೆ ಗೊತ್ತುಮಾಡಿದ ವಿಪತ್ತು ಪರಿಹಾರದ ದರವು ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಆ ಲೆಕ್ಕದಲ್ಲಿ 2 ಎಕರೆಗೆ ಸುಮಾರು 6,880 ರೂಪಾಯಿ ಬರಬೇಕಾಗಿತ್ತು. ಬೀಳು ಹೊಲಕ್ಕೆ ಬೆಳೆ ನಷ್ಟವಿಲ್ಲವಾದುದರಿಂದ ಆ ಹಣವು ಅವನಿಗೆ ಬರುವುದಿಲ್ಲ. ಬೆಳೆ ಬಂದಿದ್ದರೂ ತೊಂದರೆಯೇ. 2024-25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ ಇದ್ದಿತು. ಆದರೆ ದಾಖಲೆಯಲ್ಲಿ ರಾಗಿಯೇ ಇಲ್ಲದವನು ಖರೀದಿ ಕೇಂದ್ರದಲ್ಲಿ ಏನನ್ನು ತೋರಿಸಾನು? ವಿಮೆ ಮಾಡಿಸಿದ ಬೆಳೆಯೂ ಸಮೀಕ್ಷೆಯ ಬೆಳೆಯೂ ಬೇರೆಯಾದರೆ ವಿಮೆಯ ಅರ್ಜಿಯೂ ತಿರಸ್ಕೃತವಾಗಬಹುದು.

ಇದು ಬರಿಯ ಊಹೆಯ ಮಾತಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. 2024ರ ಜನವರಿಯಲ್ಲಿ ಮೊದಲ ಕಂತಾಗಿ ರೈತನೊಬ್ಬನಿಗೆ 2,000 ರೂಪಾಯಿವರೆಗೆ ಸರ್ಕಾರದವರು ಕೊಟ್ಟಾಗ, ಆ ಹಣವು ಫ್ರೂಟ್ಸ್‌ನಲ್ಲಿರುವ ವಿವರಗಳ ಆಧಾರದ ಮೇಲೆಯೇ ನೇರವಾಗಿ ಬ್ಯಾಂಕಿನ ಖಾತೆಗೆ ಹೋಯಿತು.

ತಪ್ಪನ್ನು ಎಲ್ಲಿ ತಿದ್ದಿಸಬೇಕೆಂಬುದನ್ನು ಹೀಗೆ ನೆನಪಿಡತಕ್ಕದ್ದು. ಪಹಣಿಯಲ್ಲಿ ಹೆಸರು ಅಥವಾ ವಿಸ್ತೀರ್ಣ ತಪ್ಪಿದ್ದರೆ ನಾಡಕಚೇರಿಯಲ್ಲಿ ವಿಚಾರಿಸಿ, ತಾಲ್ಲೂಕು ಕಚೇರಿಗೆ ಅರ್ಜಿ ಕೊಡಬೇಕು. ಎಫ್‌ಐಡಿ ಇಲ್ಲದಿದ್ದರೆ, ಅಥವಾ ಒಂದು ಸರ್ವೆ ನಂಬರು ಅದಕ್ಕೆ ಸೇರದಿದ್ದರೆ, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು. ಬೆಳೆ ತಪ್ಪಿದ್ದರೆ ಪೈರು ಹೊಲದಲ್ಲಿರುವಾಗಲೇ ಆಕ್ಷೇಪಣೆ ಸಲ್ಲಿಸಬೇಕು; ಕಟಾವಾದ ಮೇಲೆ ರುಜುವಾತು ಮಾಡುವುದು ಕಷ್ಟ. ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಬ್ಯಾಂಕಿನಲ್ಲಿ ಮಾಡಿಸಬೇಕು. ರಾಗಿಯ ನಡುವೆ ಅಕ್ಕಡಿ ಸಾಲಾಗಿ ಅವರೆ, ತೊಗರಿಗಳನ್ನು ಹಾಕಿದ್ದರೆ ಅದನ್ನು ಮಿಶ್ರ ಬೆಳೆಯೆಂದೇ ಬರೆಸತಕ್ಕದ್ದು.

ಎಲ್ಲಕ್ಕಿಂತ ಹೆಚ್ಚಿನ ತೊಡಕು ಪೌತಿ ಖಾತೆಯದು. ತೀರಿಹೋದ ತಾತನ ಹೆಸರಿನಲ್ಲಿಯೇ ಪಹಣಿ ಇದ್ದರೆ, ಉಳುವ ಮೊಮ್ಮಗನ ಎಫ್‌ಐಡಿಗೆ ಆ ಜಮೀನು ಸೇರುವುದಿಲ್ಲ. ಹಗ್ಗವು ಅಲ್ಲಿಯೇ ಕಡಿದುಹೋಗುತ್ತದೆ. ಅವನು ಎಷ್ಟು ಚೆನ್ನಾಗಿ ಬೆಳೆದರೂ ಉಗ್ರಾಣದ ಲೆಕ್ಕದಲ್ಲಿ ಅವನು ರೈತನೇ ಅಲ್ಲ. ಅಣ್ಣತಮ್ಮಂದಿರು ಒಟ್ಟಿಗೆ ಕುಳಿತು ಖಾತೆಯನ್ನು ಮಾಡಿಸಿಕೊಳ್ಳುವುದು ಇದಕ್ಕೆ ಇರುವ ಉಪಾಯ.

ಗ್ರಾಮದ ಮುಖಂಡರು ಈ ಕೆಲಸದಲ್ಲಿ ಬಹಳ ಸಹಾಯ ಮಾಡಬಹುದು. ಪ್ರತಿ ಹಂಗಾಮಿನಲ್ಲಿಯೂ ಸಮೀಕ್ಷೆ ನಡೆಯುತ್ತಿರುವಾಗ ಒಂದು ಸಂಜೆ ಅರಳಿಕಟ್ಟೆಯಲ್ಲಿಯೋ ಶಾಲೆಯಲ್ಲಿಯೋ ಜನರನ್ನು ಸೇರಿಸಿ, ಮೊಬೈಲ್ ಬಲ್ಲ ಹುಡುಗರಿಂದ ಒಬ್ಬೊಬ್ಬರ ಸರ್ವೆ ನಂಬರನ್ನೂ ತೆಗೆಸಿ ಓದಿಸಿದರೆ, ತಪ್ಪುಗಳು ಕಾಲದಲ್ಲಿಯೇ ಹೊರಬೀಳುವುವು. ಓದುಬರಹವಿಲ್ಲದ ಮುದುಕರದ್ದನ್ನೂ, ಒಂಟಿಯಾಗಿ ಸಾಗುವಳಿ ಮಾಡುವ ಹೆಂಗಸರದ್ದನ್ನೂ ಮೊದಲು ನೋಡುವುದು ನ್ಯಾಯ. ಬಿತ್ತಿದ ಮೇಲೆ ಮೊಳಕೆಯನ್ನು ಹೋಗಿ ನೋಡದ ರೈತನಿಲ್ಲ. ಅದೇ ಎಚ್ಚರಿಕೆಯಿಂದ ದಾಖಲೆಯನ್ನೂ ಹಂಗಾಮಿಗೊಮ್ಮೆ ನೋಡಿಕೊಂಡರೆ ಕಷ್ಟಕಾಲದಲ್ಲಿ ಬರಿಗೈಯಲ್ಲಿ ಹಿಂದಿರುಗುವ ಪ್ರಮೇಯವು ಬಹುಮಟ್ಟಿಗೆ ತಪ್ಪುವುದು.