ಜಗತ್ತು ಮುಳುಗಿದ ಮೇಲೆ ಹಡಗು ಒಡೆಯುವ ಹುಡುಗ: ‘ಶಿಪ್ ಬ್ರೇಕರ್’ ಮುಂಬೈ ಓದುಗರಿಗೆ ಏಕೆ ಹತ್ತಿರ?

ಪ್ರಳಯದ ನಂತರದ ಜಗತ್ತಿನ ಕಥೆ ಎಂದರೆ ಹದಿಹರೆಯದ ಓದುಗರ ಕಣ್ಣಮುಂದೆ ಈಗ ಒಂದು ಸಿದ್ಧ ಚಿತ್ರ ಬರುತ್ತದೆ. ಹಾಳುಬಿದ್ದ ನಗರ, ಕ್ರೂರ ಸರ್ಕಾರ, ಬಿಲ್ಲು ಹಿಡಿದು ಎದುರು ನಿಲ್ಲುವ ಹುಡುಗಿ. 2008ರಲ್ಲಿ ಬಂದ ‘ದ ಹಂಗರ್ ಗೇಮ್ಸ್’ ಈ ಚಿತ್ರವನ್ನು ಗಟ್ಟಿ ಮಾಡಿತು. ಅದಾಗಿ ಎರಡು ವರ್ಷಕ್ಕೆ ಅಮೆರಿಕದ ಲೇಖಕ ಪಾವೊಲೊ ಬಾಸಿಗಲುಪಿ ಬರೆದ ‘ಶಿಪ್ ಬ್ರೇಕರ್’ ಕೂಡ ಅದೇ ಸಾಲಿನ ಕಾದಂಬರಿ. ಆದರೆ ಇದರ ನಾಯಕನಿಗೆ ಯಾವ ಸರ್ಕಾರವನ್ನೂ ಉರುಳಿಸಬೇಕಾಗಿಲ್ಲ. ಅವನಿಗೆ ಆ ದಿನದ ತಾಮ್ರದ ತಂತಿಯ ಲೆಕ್ಕ ತುಂಬಿಸಬೇಕು, ಅಷ್ಟೆ.

ಹದಿಹರೆಯದವರ ಸಾಹಿತ್ಯಕ್ಕೆ ಕೊಡುವ ಅಮೆರಿಕದ ಪ್ರಿಂಟ್ಜ್ ಪ್ರಶಸ್ತಿ 2011ರಲ್ಲಿ ಈ ಪುಸ್ತಕಕ್ಕೆ ಸಿಕ್ಕಿತು. ಕಥೆ ನಡೆಯುವುದು ಅಮೆರಿಕದ ದಕ್ಷಿಣ ಕರಾವಳಿಯಲ್ಲಿ. ಆದರೂ ಮೊದಲ ಕೆಲವು ಅಧ್ಯಾಯ ಓದಿದ ಮುಂಬೈಯವರಿಗೆ ನೆನಪಾಗುವ ಜಾಗ ಹಾರ್ಬರ್ ಲೈನ್‌ನ ರೇ ರೋಡ್ ಸ್ಟೇಷನ್ ಹತ್ತಿರದ್ದು.

ಕಥೆ ಏನು?

ತೈಲದ ಕಾಲ ಮುಗಿದಿದೆ. ಸಮುದ್ರ ಏರಿ ಕರಾವಳಿಯ ಊರುಗಳು ಮುಳುಗಿವೆ. ಹಳೆಯ ಕಾಲದ ದೈತ್ಯ ತೈಲ ಹಡಗುಗಳು ದಡದಲ್ಲಿ ತುಕ್ಕು ಹಿಡಿದು ಬಿದ್ದಿವೆ. ಅವುಗಳನ್ನು ಒಡೆದು ಲೋಹ ಮಾರುವುದೇ ಅಲ್ಲಿನ ಬಡವರ ಕಸುಬು. ನೈಲರ್ ಎಂಬ ಹುಡುಗನ ಕೆಲಸ ಹಡಗಿನೊಳಗಿನ ಇಕ್ಕಟ್ಟಾದ ಕೊಳವೆಗಳಲ್ಲಿ ತೆವಳಿ ತಂತಿ ಕೀಳುವುದು. ತನ್ನ ವಯಸ್ಸು ಎಷ್ಟೆಂದು ಅವನಿಗೇ ಸರಿಯಾಗಿ ಗೊತ್ತಿಲ್ಲ. ಮೈ ಬೆಳೆದರೆ ಕೊಳವೆಯೊಳಗೆ ಹಿಡಿಸುವುದಿಲ್ಲ, ಹಿಡಿಸದಿದ್ದರೆ ಈ ಕೆಲಸವಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ಮಕ್ಕಳು ಬೆಳೆಯಲು ಹೆದರುವ ಜಗತ್ತು ಎಂದರೆ ಏನೆಂದು ಹೇಳಲು ಲೇಖಕ ಇದಕ್ಕಿಂತ ಹೆಚ್ಚು ವಿವರಣೆ ಕೊಡುವುದಿಲ್ಲ.

ಆರಂಭದಲ್ಲೇ ನೈಲರ್ ಹಡಗಿನೊಳಗೆ ಉಳಿದುಹೋದ ತೈಲದ ಗುಂಡಿಗೆ ಬೀಳುತ್ತಾನೆ. ಅವನದೇ ತಂಡದ ಸ್ಲಾತ್ ಎಂಬ ಹುಡುಗಿ ಅದನ್ನು ನೋಡುತ್ತಾಳೆ. ಆ ತೈಲ ಗುಟ್ಟಾಗಿ ಉಳಿದರೆ ಅವಳ ಬಡತನ ತೀರುತ್ತದೆ. ಅವಳು ಅವನನ್ನು ಅಲ್ಲೇ ಬಿಟ್ಟು ಹೋಗುತ್ತಾಳೆ. ಹೇಗೋ ಜೀವ ಉಳಿಸಿಕೊಂಡು ಬಂದ ನೈಲರ್ ಮುಂದೊಂದು ಚಂಡಮಾರುತದ ನಂತರ, ಒಡೆದ ಐಷಾರಾಮಿ ಹಡಗಿನಲ್ಲಿ ಸಾಯುವ ಸ್ಥಿತಿಯಲ್ಲಿರುವ ಶ್ರೀಮಂತ ಹುಡುಗಿಯನ್ನು ಕಾಣುತ್ತಾನೆ. ಅವಳು ಸತ್ತರೆ ಹಡಗಿನ ಸಂಪತ್ತೆಲ್ಲ ಇವನಿಗೆ ಮತ್ತು ಗೆಳತಿ ಪೀಮಾಗೆ. ಸ್ಲಾತ್ ನಿಂತಿದ್ದ ಜಾಗದಲ್ಲಿ ಈಗ ನೈಲರ್ ನಿಂತಿದ್ದಾನೆ.

ಕಾದಂಬರಿಯ ಜೀವ ಇರುವುದು ಇಲ್ಲೇ. ಹೊಟ್ಟೆಗಿಲ್ಲದವನಿಗೆ ಒಳ್ಳೆಯತನ ಎಷ್ಟರ ಮಟ್ಟಿಗೆ ಕೈಗೆಟಕುತ್ತದೆ ಎಂಬ ಪ್ರಶ್ನೆ ಈ ಭಾಗದಲ್ಲಿ ನಿಜವಾಗಿ ಕಾಡುತ್ತದೆ. ನಂತರದ ಅಟ್ಟಾಟ, ಹೊಡೆದಾಟದ ಭಾಗಕ್ಕೆ ವೇಗವಿದೆ, ಈ ಬಿಗಿ ಇಲ್ಲ.

ಅಂದಹಾಗೆ, ಆ ಶ್ರೀಮಂತ ಹುಡುಗಿಯ ಹೆಸರು ನೀತಾ. ಅವಳ ಮನೆತನದ ಕಂಪನಿ ‘ಪಟೇಲ್ ಗ್ಲೋಬಲ್’. ಇಂದು ಪಶ್ಚಿಮದ ಹಡಗುಗಳನ್ನು ನಮ್ಮ ದಡದಲ್ಲಿ ಒಡೆಯುತ್ತಾರೆ. ಕಥೆಯಲ್ಲಿ ಅಮೆರಿಕದ ದಡದಲ್ಲಿ ಗುಜರಿ ಆಯುವವರ ಎದುರು ಭಾರತೀಯ ಹೆಸರಿನ ಒಡೆಯರಿದ್ದಾರೆ.

ದಾರುಖಾನಾದಲ್ಲಿ ಇದು ಕಲ್ಪನೆಯಲ್ಲ

ಮುಂಬೈಯ ಪೂರ್ವ ದಡದಲ್ಲಿ, ಬಂದರು ಪ್ರಾಧಿಕಾರದ ಜಾಗದಲ್ಲಿ ದಾರುಖಾನಾ ಇದೆ. ದಾರು ಎಂದರೆ ಇಲ್ಲಿ ಮದ್ದಿನ ಪುಡಿ. ಹಿಂದೆ ಇದು ಮದ್ದುಗುಂಡಿನ ಜಾಗ. ಇಲ್ಲಿ ಉಬ್ಬರದ ಹೊತ್ತಿಗೆ ಹಡಗನ್ನು ಕೆಸರಿನ ದಡದತ್ತ ಎಳೆದು, ಗ್ಯಾಸ್ ಕಟರ್‌ನಿಂದ ಕತ್ತರಿಸುತ್ತಾರೆ. 1983ರಲ್ಲಿ ಶುರುವಾದ ಗುಜರಾತ್‌ನ ಅಲಂಗ್‌ಗೆ ಬರುವಷ್ಟು ದೊಡ್ಡ ಹಡಗುಗಳು ಸಾಮಾನ್ಯವಾಗಿ ಇಲ್ಲಿಗೆ ಬರುವುದಿಲ್ಲ.

ಬಂದ ದೊಡ್ಡ ಹೆಸರೆಂದರೆ ‘ಐಎನ್‌ಎಸ್ ವಿಕ್ರಾಂತ್’. 1961ರಲ್ಲಿ ನೌಕಾಪಡೆ ಸೇರಿ, 1971ರ ಯುದ್ಧದಲ್ಲಿ ಭಾಗವಹಿಸಿ, 1997ರಲ್ಲಿ ನಿವೃತ್ತಿಯಾದ ದೇಶದ ಮೊದಲ ವಿಮಾನವಾಹಕ ನೌಕೆ. ಕೆಲ ಕಾಲ ಮುಂಬೈಯಲ್ಲೇ ವಸ್ತುಸಂಗ್ರಹಾಲಯವಾಗಿತ್ತು. ಉಳಿಸಿಕೊಳ್ಳುವ ಹೋರಾಟ ಸುಪ್ರೀಂ ಕೋರ್ಟ್‌ವರೆಗೆ ಹೋದರೂ ಫಲ ಸಿಗಲಿಲ್ಲ. 2014ರ ನವೆಂಬರ್‌ನಲ್ಲಿ ದಾರುಖಾನಾದಲ್ಲಿ ಅದನ್ನು ಒಡೆಯತೊಡಗಿದರು. ಅದರ ಉಕ್ಕಿನ ಒಂದು ಪಾಲು 2016ರಲ್ಲಿ ಬಜಾಜ್ ‘ವಿ’ ಬೈಕ್ ಆಗಿ ರಸ್ತೆಗಿಳಿಯಿತು. ಜಾಹೀರಾತಿನಲ್ಲಿ ಯುದ್ಧನೌಕೆಯ ಹೆಮ್ಮೆ ಇತ್ತು, ಅದನ್ನು ಕತ್ತರಿಸಿದ ಕೈಗಳಿಗೆ ಅಲ್ಲಿ ಜಾಗವಿರಲಿಲ್ಲ.

ಆ ಕೈಗಳು ಹೆಚ್ಚಾಗಿ ಉತ್ತರ ಪ್ರದೇಶ, ಬಿಹಾರ, ಜಾರ್ಖಂಡ್ ಕಡೆಯ ವಲಸೆ ಕಾರ್ಮಿಕರದು. ಹಳೆಯ ಹಡಗುಗಳಲ್ಲಿ ಕಲ್ನಾರು ಇರುತ್ತದೆ, ಉಸಿರಿಗೆ ಹೋದರೆ ವರ್ಷಗಳ ನಂತರ ಶ್ವಾಸಕೋಶ ಹಾಳಾಗುತ್ತದೆ. ಟ್ಯಾಂಕಿನಲ್ಲಿ ಉಳಿದ ಅನಿಲಕ್ಕೆ ಕಟರ್‌ನ ಕಿಡಿ ತಾಗಿದರೆ ಸ್ಫೋಟ. ನೈಲರ್ ಭಯಪಡುವ ಸಂಗತಿಗಳಲ್ಲಿ ಲೇಖಕ ಹೊಸದಾಗಿ ಹುಟ್ಟುಹಾಕಿದ್ದು ಕಡಿಮೆ.

ಕಾನೂನು ಬದಲಾಗಿದೆ. ಹಡಗು ಮರುಬಳಕೆಗೆಂದೇ ಭಾರತ 2019ರಲ್ಲಿ ಕಾಯ್ದೆ ಮಾಡಿತು. ಅಂತರರಾಷ್ಟ್ರೀಯ ಹಾಂಕಾಂಗ್ ಒಪ್ಪಂದ 2025ರ ಜೂನ್‌ 26ರಂದು ಜಾರಿಗೆ ಬಂತು. 18 ತುಂಬದವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ ಎಂಬ ನಿಯಮ ನಮ್ಮಲ್ಲಿದೆ. ನೈಲರ್‌ನ ದಡದಲ್ಲಿ ಇದ್ಯಾವುದೂ ಇಲ್ಲ. ಕಾನೂನು ಕಳಚಿದರೆ ಉಳಿಯುವುದು ಏನು ಎಂಬುದೇ ಬಾಸಿಗಲುಪಿ ತೋರಿಸುವ ಪ್ರಳಯ.

ನೀರಿನ ಭಯವೂ ಮುಂಬೈಗೆ ಹೊಸದಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿದಿತ್ತು.

ಕನ್ನಡದ ಮನೆಗಳಲ್ಲಿ

ಮುಂಬೈ ಕನ್ನಡಿಗರ ಹಿಂದಿನ ತಲೆಮಾರಿನಲ್ಲಿ ಎಷ್ಟೋ ಮಂದಿ ಕರಾವಳಿಯಿಂದ ಎಳೆ ವಯಸ್ಸಿನಲ್ಲೇ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋದವರು. ಇಂದು ಇಂಗ್ಲಿಷ್ ಶಾಲೆಗಳಲ್ಲಿ ಓದುತ್ತಿರುವ ಅವರ ಮೊಮ್ಮಕ್ಕಳು ಈ ಕಾದಂಬರಿ ಹಿಡಿದರೆ, ಸಂಬಳದ ಲೆಕ್ಕ ಹಾಕುತ್ತ ಬಾಲ್ಯ ಕಳೆದ ಹುಡುಗನ ಬಗ್ಗೆ ಮನೆಯಲ್ಲೇ ಕೇಳಿ ತಿಳಿಯಬಹುದು.

ಹಿಂಸೆಯ ದೃಶ್ಯಗಳಿವೆ, ಕುಡಿತ ಮತ್ತು ಮಾದಕ ವಸ್ತುವಿನಲ್ಲಿ ಮುಳುಗಿ ಮಗನನ್ನು ಹೊಡೆಯುವ ತಂದೆ ಇದ್ದಾನೆ. ಹಾಗಾಗಿ ತೀರಾ ಚಿಕ್ಕವರಿಗೆ ಬೇಡ. ಇದೇ ಜಗತ್ತಿನ ಇನ್ನೆರಡು ಕಾದಂಬರಿಗಳು ‘ದ ಡ್ರೌನ್ಡ್ ಸಿಟೀಸ್’ (2012) ಮತ್ತು ‘ಟೂಲ್ ಆಫ್ ವಾರ್’ (2017). ‘ದ ಡ್ರೌನ್ಡ್ ಸಿಟೀಸ್’ನಲ್ಲಿ ಕಥೆ ಹಡಗಿನ ದಡ ಬಿಟ್ಟು ಯುದ್ಧಕ್ಕೆ ಸಿಕ್ಕ ಬೇರೆ ಮಕ್ಕಳತ್ತ ಹೊರಳುತ್ತದೆ, ಹಾಗಾಗಿ ನೈಲರ್‌ಗಾಗಿ ಕಾಯುವವರು ಮೊದಲ ಪುಸ್ತಕವನ್ನೇ ನಿಧಾನವಾಗಿ ಓದುವುದು ಒಳ್ಳೆಯದು.