ಬೆರಳಿಗೂ ಕೊಳವೆಗೂ ನಡುವೆ: ಚಿಕ್ಕ ಪೈಪ್ ಆರ್ಗನ್ ಮತ್ತು ಸಭೆಯ ಹಾಡುಗಾರಿಕೆ

ಎಲ್ಲೂರು, ಕಾಪು, ಉಡುಪಿ ಸೀಮೆಯ ಸಭೆಗಳಿಗೆ ಸೇವೆಗಾಗಿ ಹೋಗುವ ನಮ್ಮ ವಿದ್ಯಾರ್ಥಿಗಳು ಹಾರ್ಮೋನಿಯಮ್ಮನ್ನೂ ವಿದ್ಯುತ್ ಕೀಬೋರ್ಡನ್ನೂ ಬಲ್ಲರು. ಪೈಪ್ ಆರ್ಗನ್ನನ್ನು ಕಂಡವರು ವಿರಳ. ಬೆಂಗಳೂರಿನ ಸೇಂಟ್ ಆಂಡ್ರ್ಯೂಸ್ ದೇವಾಲಯದಲ್ಲಿ ಅಂಥದೊಂದಿದೆ. ಸಭೆಯನ್ನು ಹಾಡಿಸುವುದೆಂದರೇನು ಎಂಬ ಪ್ರಶ್ನೆಗೆ ಈ ವಾದ್ಯದ ರಚನೆಯೇ ಒಂದು ಉತ್ತರವಾಗಿರುವುದರಿಂದ ಅದನ್ನು ಇಲ್ಲಿ ವಿವರಿಸುತ್ತೇವೆ.

ತಿದಿಯಿಂದ ಬಂದ ಗಾಳಿಯು ಒಂದು ಮರದ ಪೆಟ್ಟಿಗೆಯಲ್ಲಿ ಒತ್ತಡದಿಂದ ನಿಂತಿರುತ್ತದೆ. ಕೊಳವೆಗಳು ಅದರ ಮೇಲೆ ನಿಂತಿರುತ್ತವೆ. ಯಾಂತ್ರಿಕ ಚಾಲನೆಯ ಆರ್ಗನ್ನಿನಲ್ಲಿ ಕೀಯನ್ನು ಒತ್ತಿದಾಗ ತೆಳುವಾದ ಮರದ ಕಡ್ಡಿಯೊಂದು ಸೆಳೆಯಲ್ಪಟ್ಟು ಪೆಟ್ಟಿಗೆಯೊಳಗಿನ ಕವಾಟವನ್ನು ತೆರೆಯುತ್ತದೆ. ತಿದಿಗೆ ಇಂದು ಮೋಟಾರು ಇರಬಹುದು. ಬೆರಳಿಗೂ ಕವಾಟಕ್ಕೂ ನಡುವೆ ಮಾತ್ರ ವಿದ್ಯುತ್ತಿಲ್ಲ. ಗಾಳಿಯ ಒತ್ತಡವನ್ನು ಮೀರಿ ಕವಾಟ ತೆರೆಯುವ ಕ್ಷಣವು ಬೆರಳಿಗೇ ತಿಳಿಯುತ್ತದೆ. ಬಲವಾಗಿ ಒತ್ತಿದರೆ ಧ್ವನಿ ಹೆಚ್ಚದು. ಸ್ವರವು ಹೇಗೆ ಆರಂಭವಾಗಬೇಕು, ಎಲ್ಲಿ ಮುಗಿಯಬೇಕು ಎಂಬಿಷ್ಟೇ ವಾದಕನ ಕೈಯಲ್ಲಿದೆ. ಆದುದರಿಂದ ಅವನು ಸಭೆಯನ್ನು ನಡೆಸುವುದು ಸ್ವರಗಳ ನಡುವಿನ ಬಿಡುವಿನಿಂದ. (ರೂಆಖ್, ಪ್ನ್ಯೂಮ ಎಂಬ ಪದಗಳಿಗೆ ಗಾಳಿ, ಉಸಿರು, ಆತ್ಮ ಎಂಬ ಅರ್ಥಗಳಿವೆಯೆಂದು ಈ ಸಾಮ್ಯವನ್ನು ಪ್ರಸಂಗದಲ್ಲಿ ಹಿಗ್ಗಿಸುವ ಆಸೆಗೆ ಬೀಳದಿರೋಣ.)

ಸುಧಾರಣೆಯ ಕಾಲದಲ್ಲಿ ಜ್ಯೂರಿಕ್ ಪಟ್ಟಣವು 1527ರಲ್ಲಿ ತನ್ನ ಮುಖ್ಯ ದೇವಾಲಯದ ಆರ್ಗನ್ನನ್ನು ಕಳಚಿಸಿತು. ನಮಗೆ ಸುವಾರ್ತೆಯನ್ನು ತಂದವರ ಬಾಸೆಲ್ ಪಟ್ಟಣವಾದರೋ ಅದೇ ಶತಮಾನದಲ್ಲಿ ಆ ವಾದ್ಯವನ್ನು ಮರಳಿ ಬರಮಾಡಿಕೊಂಡಿತು. ಜರ್ಮನಿಯ ಪೂರ್ವ ಫ್ರೀಸಿಯದ ರೀಸುಮ್ ಎಂಬ ಹಳ್ಳಿಯಲ್ಲಿ 15ನೇ ಶತಮಾನದ ಏಳು ಸ್ಟಾಪುಗಳ ಪುಟ್ಟ ಆರ್ಗನ್ ಈಗಲೂ ನುಡಿಯುತ್ತಿದೆ. ಅದರ ಬೆಲೆಯನ್ನು ಹಳ್ಳಿಯವರು ಕೊಬ್ಬಿದ ದನಗಳನ್ನು ಕೊಟ್ಟು ತೀರಿಸಿದರೆಂದು ಹೇಳಲಾಗುತ್ತದೆ. ಫರ್ಡಿನಂಡ್ ಕಿಟ್ಟೆಲರು 1832ರಲ್ಲಿ ಹುಟ್ಟಿದ್ದು ಅದೇ ಪೂರ್ವ ಫ್ರೀಸಿಯದಲ್ಲಿ. ಆರ್ಗನ್ನುಗಳ ನಾಡಿನಿಂದ ಬಂದ ಅವರು ಯೇಸುವಿನ ಚರಿತ್ರೆಯನ್ನು ಹಾಡಿಸಲು 1862ರ 'ಕಥಾಮಾಲೆ'ಯಲ್ಲಿ ಈ ನೆಲದ ಧಾಟಿಗಳನ್ನೇ ಆರಿಸಿಕೊಂಡದ್ದು ನಮಗೆ ಗಮನಾರ್ಹವೆನಿಸುತ್ತದೆ.

ಅಂಥ ಆರ್ಗನ್ನನ್ನು ಕರಾವಳಿಗೆ ತರಿಸಬೇಕೆಂದು ನಾವು ಹೇಳುವುದಿಲ್ಲ. ಇಲ್ಲಿನ ಮಳೆಗಾಲದಲ್ಲಿ ಮರ ಉಬ್ಬಿ ಕಡ್ಡಿಗಳು ಸಿಲುಕಿಕೊಳ್ಳುವವು, ತಿದಿಯ ಚರ್ಮಕ್ಕೆ ಬೂಷ್ಟು ಹಿಡಿಯುವುದು. ಆದರೆ ಕೀಬೋರ್ಡಿನ ಮುಂದೆ ಕುಳಿತವರು ಪ್ರತಿ ಸಾಲಿನ ಕೊನೆಯಲ್ಲಿ ಬೆರಳೆತ್ತಿ, ಸಭೆ ಉಸಿರೆಳೆದುಕೊಳ್ಳುವ ತನಕ ಕಾಯಬಹುದಲ್ಲವೇ? ತಾನಾಗಿ ನುಡಿಯುವ ತಾಳದ ಗುಂಡಿಯನ್ನು ಒತ್ತಿಬಿಟ್ಟರೆ ಅದು ಯಾರಿಗಾಗಿಯೂ ಕಾಯದು. ಹಿಂದಿನ ಸಾಲುಗಳಲ್ಲಿ ಕುಳಿತ ಹಿರಿಯರು ಎಷ್ಟನೆಯ ಚರಣದಲ್ಲಿ ಹಾಡುವುದನ್ನು ನಿಲ್ಲಿಸುತ್ತಾರೆಂಬುದನ್ನು ಸಭಾಪಾಲಕರು ಮುಂದಿನ ಆದಿತ್ಯವಾರ ವೇದಿಕೆಯಿಂದಲೇ ಗಮನಿಸಲಿ.