ಪಟಾಕಿ ಮಾರೋಕೂ ಲೈಸೆನ್ಸ್ ಬೇಕು, ಹಚ್ಚೋಕೂ ಟೈಮ್ ಇದೆ: ಅಂಗಡಿಯವರು, ಗ್ರಾಹಕರು ತಿಳಿದಿರಬೇಕಾದ ಕಾನೂನು

ದೀಪಾವಳಿ ಹತ್ತಿರ ಬಂತೆಂದರೆ ತಾಲೂಕು ಕೇಂದ್ರದ ಕಿರಾಣಿ ಅಂಗಡಿ, ಫ್ಯಾನ್ಸಿ ಸ್ಟೋರ್, ಬುಕ್ ಸ್ಟಾಲ್‌ಗಳ ಗಲ್ಲಾಪೆಟ್ಟಿಗೆ ಪಕ್ಕ ನಾಲ್ಕಾರು ಪಟಾಕಿ ಬಾಕ್ಸ್ ಬಂದು ಕೂರುತ್ತವೆ. ಸುರುಸುರು ಬತ್ತಿ, ಹೂಕುಂಡ, ನೆಲಚಕ್ರ, ಒಂದೆರಡು ಸರ. ‘ಮಕ್ಕಳು ಕೇಳ್ತಾರೆ ಅಂತ ಇಟ್ಟಿದ್ದು, ಇದಕ್ಕೆಲ್ಲಾ ಲೈಸೆನ್ಸ್ ಯಾಕೆ’ ಎಂಬುದು ಬಹುತೇಕ ಅಂಗಡಿಯವರ ಮಾತು. ಕಾನೂನು ಹಾಗೆ ಹೇಳುವುದಿಲ್ಲ. ಮನೆಯಲ್ಲಿ ಹಚ್ಚಲು ಒಂದು ಚೀಲ ಪಟಾಕಿ ಕೊಳ್ಳುವವರಿಗೆ ಲೈಸೆನ್ಸ್ ಬೇಡ. ಮಾರಾಟಕ್ಕೆ ಇಟ್ಟರೆ ಲೈಸೆನ್ಸ್ ಬೇಕೇ ಬೇಕು.

ಪಟಾಕಿಯನ್ನು ಕಾನೂನು ಆಟದ ಸಾಮಾನಿನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸ್ಫೋಟಕ ಎಂದೇ ನೋಡುತ್ತದೆ. ಬ್ರಿಟಿಷರ ಕಾಲದ, 1884ರ ಸ್ಫೋಟಕಗಳ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಅದರ ಅಡಿಯಲ್ಲಿ ಕೇಂದ್ರ ಸರ್ಕಾರ ಮಾಡಿದ 2008ರ ನಿಯಮಗಳು ಅಂಗಡಿ ಎಲ್ಲಿರಬೇಕು, ಹೇಗಿರಬೇಕು ಅನ್ನೋದನ್ನೆಲ್ಲ ಹೇಳುತ್ತವೆ. ಲೈಸೆನ್ಸ್ ಇಲ್ಲದೆ ಪಟಾಕಿ ಮಾರಿದರೆ ಎರಡು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಮಾಲು ಜಪ್ತಿಯಾಗುವುದು ಬೇರೆ. ಬೆಂಕಿ ಬಿದ್ದರಂತೂ ಲೈಸೆನ್ಸ್ ಇಲ್ಲದ ಸ್ಫೋಟಕ ಒಳಗಿತ್ತು ಎಂಬ ಒಂದೇ ಕಾರಣ ಸಾಕು, ವಿಮಾ ಕಂಪನಿ ಇಡೀ ಅಂಗಡಿಯ ಕ್ಲೇಮ್ ಅನ್ನೇ ಪ್ರಶ್ನಿಸಬಹುದು. ಹತ್ತು ಸಾವಿರದ ಪಟಾಕಿಗಾಗಿ ಹತ್ತು ಲಕ್ಷದ ದಿನಸಿಯನ್ನು ಪಣಕ್ಕಿಟ್ಟಂತೆ.

ಹಬ್ಬದ ಅಂಗಡಿ ಮೈದಾನದಲ್ಲೇ ಯಾಕೆ?

ಹಬ್ಬದ ಮೂರ್ನಾಲ್ಕು ದಿನಗಳಿಗೆ ಸಿಗುವುದು ತಾತ್ಕಾಲಿಕ ಲೈಸೆನ್ಸ್. ಜಿಲ್ಲೆಗಳಲ್ಲಿ ಇದನ್ನು ಕೊಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಯಾದ ಜಿಲ್ಲಾಧಿಕಾರಿಗಳದ್ದು. ಪೊಲೀಸ್, ಅಗ್ನಿಶಾಮಕ ದಳ, ಪುರಸಭೆ ಅಥವಾ ಪಂಚಾಯಿತಿಯ ಅಭಿಪ್ರಾಯ ಪಡೆದೇ ಅರ್ಜಿ ಮುಂದಕ್ಕೆ ಹೋಗುತ್ತದೆ. ಹಬ್ಬ ಎರಡು ದಿನ ಇರುವಾಗ ಕಚೇರಿಗೆ ಓಡಿದರೆ ಕೆಲಸ ಆಗಲ್ಲ, ತಿಂಗಳ ಮುಂಚೆಯೇ ವಿಚಾರಿಸುವುದು ಒಳ್ಳೆಯದು.

‘ನಮ್ಮ ಅಂಗಡಿ ಬಜಾರ್ ರಸ್ತೆಯಲ್ಲೇ ಇದೆ, ಅಲ್ಲೇ ಮಾರ್ತೀವಿ ಅಂದ್ರೆ ಬಿಡಲ್ಲ, ಊರಾಚೆ ಮೈದಾನಕ್ಕೆ ಕಳಿಸ್ತಾರೆ’ ಎಂಬ ಬೇಸರ ವ್ಯಾಪಾರಿಗಳಲ್ಲಿದೆ. ಉತ್ತರ 84ನೇ ನಿಯಮದಲ್ಲಿದೆ. ತಾತ್ಕಾಲಿಕ ಮಳಿಗೆ ಬೆಂಕಿ ಹತ್ತದ ವಸ್ತುವಿನಿಂದಲೇ ಆಗಿರಬೇಕು, ಅಂದರೆ ತಗಡಿನ ಶೆಡ್ ನಡೆಯುತ್ತದೆ, ಶಾಮಿಯಾನ, ಟಾರ್ಪಾಲು, ತೆಂಗಿನ ಗರಿಯ ಚಪ್ಪರ ನಡೆಯಲ್ಲ. ಒಂದು ಮಳಿಗೆಗೂ ಇನ್ನೊಂದಕ್ಕೂ ಕನಿಷ್ಠ 3 ಮೀಟರ್ ಅಂತರ ಬೇಕು. ಎದುರುಬದುರಾಗಿ ಕಟ್ಟುವಂತಿಲ್ಲ, ಯಾಕೆಂದರೆ ಒಂದು ಹೊತ್ತಿಕೊಂಡರೆ ಅದರಿಂದ ಹಾರಿದ ರಾಕೆಟ್ ನೇರ ಎದುರಿನ ಮಳಿಗೆಗೇ ನುಗ್ಗುತ್ತದೆ. ಮನೆ, ರಸ್ತೆ, ಶಾಲೆ, ದೇವಸ್ಥಾನದಂಥ ಜಾಗಗಳಿಂದ 50 ಮೀಟರ್ ದೂರವಿರಬೇಕು. ಈ 50 ಮೀಟರ್ ಲೆಕ್ಕ ಹಿಡಿದು ಹೊರಟರೆ ಪೇಟೆಯೊಳಗೆ ಜಾಗವೇ ಸಿಗುವುದಿಲ್ಲ. ಕೊನೆಗೆ ಉಳಿಯುವುದು ತಾಲೂಕು ಕ್ರೀಡಾಂಗಣವೋ, ಎಪಿಎಂಸಿ ಖಾಲಿ ಜಾಗವೋ ಅಷ್ಟೆ.

ಒಂದೇ ಕಡೆ 50ಕ್ಕಿಂತ ಹೆಚ್ಚು ಮಳಿಗೆ ಇರಬಾರದು. ದೀಪ, ಗ್ಯಾಸ್‌ಲೈಟ್ ಹಚ್ಚುವಂತಿಲ್ಲ. ಕರೆಂಟ್ ಬಲ್ಬ್ ಇದ್ದರೆ ಗೋಡೆಗೋ ಸೂರಿಗೋ ಗಟ್ಟಿಯಾಗಿ ಕೂರಿಸಿರಬೇಕು, ವೈರ್‌ನಲ್ಲಿ ಜೋತು ಬಿಡುವಂತಿಲ್ಲ. ಪ್ರತಿ ಸಾಲಿಗೂ ಒಂದು ಮುಖ್ಯ ಸ್ವಿಚ್ ಇರಬೇಕು. ಮಳಿಗೆಯ 50 ಮೀಟರ್ ಒಳಗೆ ಪಟಾಕಿ ಹಚ್ಚಿ ‘ಸ್ಯಾಂಪಲ್’ ತೋರಿಸುವುದೂ ತಪ್ಪು. ಹೆಚ್ಚಿನ ಕಡೆ ಮೊದಲು ಮುರಿಯುವುದು ಈ ಸ್ಯಾಂಪಲ್ ನಿಯಮವನ್ನೇ.

ವರ್ಷವಿಡೀ ಮಾರುವ ಕಾಯಂ ಅಂಗಡಿಗೆ ನಿಯಮ ಬೇರೆ. ಅಂಗಡಿ ನೆಲಮಹಡಿಯಲ್ಲೇ ಇರಬೇಕು. ಮೇಲ್ಮಹಡಿ, ಬೇಸ್‌ಮೆಂಟ್, ಮೆಟ್ಟಿಲ ಕೆಳಗಿನ ಕೋಣೆ ಯಾವುದೂ ಆಗಲ್ಲ. ಬಾಗಿಲು ಹೊರಕ್ಕೆ ತೆರೆಯಬೇಕು, ತುರ್ತು ದಾರಿ ಇರಬೇಕು. ಲೈಸೆನ್ಸ್‌ನಲ್ಲಿ ಎಷ್ಟು ಕಿಲೋ ಎಂದು ಬರೆದಿದೆಯೋ ಅಷ್ಟೇ ಸ್ಟಾಕ್ ಇರಬೇಕು.

ಇವೆಲ್ಲಾ ಅಧಿಕಾರಿಗಳ ಕಿರಿಕಿರಿ ಅನ್ನಿಸಿದರೆ 2023ನ್ನು ನೆನಪಿಸಿಕೊಳ್ಳಬೇಕು. ಆ ಆಗಸ್ಟ್‌ನಲ್ಲಿ ಹಾವೇರಿ ತಾಲೂಕಿನ ಆಲದಕಟ್ಟಿ ಬಳಿಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಕಾರ್ಮಿಕರು ಸತ್ತರು. ಎರಡು ತಿಂಗಳೂ ಕಳೆದಿರಲಿಲ್ಲ, ಅಕ್ಟೋಬರ್ 7ರಂದು ಆನೇಕಲ್ ತಾಲೂಕಿನ ಅತ್ತಿಬೆಲೆಯಲ್ಲಿ ಲಾರಿಯಿಂದ ಮಾಲು ಇಳಿಸುವ ಹೊತ್ತಿಗೆ ಹೊತ್ತಿಕೊಂಡ ಬೆಂಕಿಗೆ ಹತ್ತಕ್ಕೂ ಹೆಚ್ಚು ಜೀವ ಹೋಯಿತು. ಸತ್ತವರಲ್ಲಿ ಹೆಚ್ಚಿನವರು ಹಬ್ಬದ ಸೀಸನ್‌ಗೆಂದು ತಮಿಳುನಾಡಿನಿಂದ ಕೂಲಿಗೆ ಬಂದಿದ್ದ ಹುಡುಗರು. ಅದಾದ ಮೇಲೆ ರಾಜ್ಯ ಸರ್ಕಾರ ಮದುವೆ, ರಾಜಕೀಯ ಸಮಾರಂಭ, ಗಣೇಶನ ಮೆರವಣಿಗೆಗಳಲ್ಲಿ ಪಟಾಕಿ ಬೇಡ, ದೀಪಾವಳಿಗೆ ಹಸಿರು ಪಟಾಕಿ ಮಾತ್ರ ಎಂದು ಘೋಷಿಸಿತು. ಮದುವೆ ದಿಬ್ಬಣದ ವಿಷಯದಲ್ಲಿ ಅದು ಎಷ್ಟು ಪಾಲನೆಯಾಗುತ್ತಿದೆ ಎಂಬುದನ್ನು ಲಗ್ನದ ದಿನಗಳಲ್ಲಿ ಊರಿನವರೇ ಕೇಳಿಸಿಕೊಳ್ಳುತ್ತಿದ್ದಾರೆ.

ಯಾವುದು ಹಸಿರು, ಯಾವುದು ಅಲ್ಲ?

‘ಹಸಿರು ಪಟಾಕಿ ಅಂದ್ರೆ ಹೊಗೆ ಬರಲ್ಲ’ ಎಂದು ನಂಬಿಸಿ ಮಾರುವವರಿದ್ದಾರೆ. ಹೊಗೆ ಬರುತ್ತದೆ, ಸದ್ದೂ ಬರುತ್ತದೆ. ನಾಗ್ಪುರದ ‘ನೀರಿ’ ಸಂಸ್ಥೆ ರೂಪಿಸಿದ ಸೂತ್ರದಂತೆ ತಯಾರಾದ ಈ ಪಟಾಕಿಗಳಲ್ಲಿ ದೂಳಿನ ಕಣ ಸಾಮಾನ್ಯ ಪಟಾಕಿಗಿಂತ ಸುಮಾರು ಶೇ 30ರಷ್ಟು ಕಡಿಮೆ, ಅಷ್ಟೇ. ಬಾಕ್ಸ್ ಬಣ್ಣ ಹಸಿರಾಗಿದ್ದರೆ ಪಟಾಕಿ ಹಸಿರಾಗುವುದಿಲ್ಲ. ನೋಡಬೇಕಾದ್ದು ಬಾಕ್ಸ್ ಮೇಲಿನ ಹಸಿರು ಪಟಾಕಿ ಲೋಗೊ ಮತ್ತು ಕ್ಯೂಆರ್ ಕೋಡ್. ನಕಲಿ ಕೋಡ್ ಅಂಟಿಸಿದ ಮಾಲೂ ಮಾರುಕಟ್ಟೆಯಲ್ಲಿದೆ, ಹಾಗಾಗಿ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ನೋಡುವುದೇ ಸರಿ. ತಯಾರಕರ ಹೆಸರು, ವಿಳಾಸ ಇಲ್ಲದ ಬಾಕ್ಸ್ ಬೇಡವೇ ಬೇಡ.

ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರಂದು ಕೊಟ್ಟ ಆದೇಶ ಸರಪಟಾಕಿಯನ್ನು ನಿಷೇಧಿಸಿತು. ಬೇರಿಯಂ ಲವಣ ಬಳಸುವುದನ್ನೂ ನಿಷೇಧಿಸಿತು. ಹೂಕುಂಡ, ಮತಾಪುಗಳಲ್ಲಿ ಹಸಿರು ಬೆಳಕು ಬರುತ್ತಿದ್ದುದು ಇದೇ ಬೇರಿಯಂನಿಂದ, ಮಾಮೂಲಿ ಸುರುಸುರು ಬತ್ತಿಯಲ್ಲೂ ಅದೇ ಇರುತ್ತಿತ್ತು. ‘ಅದೆಲ್ಲಾ ದೆಹಲಿಗೆ’ ಎಂದು ಕೆಲವರು ವಾದಿಸುತ್ತಿದ್ದರು. 2023ರ ನವೆಂಬರ್‌ನಲ್ಲಿ ಕೋರ್ಟ್ ತನ್ನ ಆದೇಶ ಇಡೀ ದೇಶಕ್ಕೆ ಅನ್ವಯ ಎಂದು ಸ್ಪಷ್ಟಪಡಿಸಿದೆ. ಆನ್‌ಲೈನ್‌ನಲ್ಲಿ ಪಟಾಕಿ ಮಾರುವುದಕ್ಕೂ 2018ರಿಂದಲೇ ತಡೆ ಇದೆ. ವಾಟ್ಸ್‌ಆ್ಯಪ್‌ನಲ್ಲಿ ರೇಟ್ ಲಿಸ್ಟ್ ಕಳಿಸಿ, ಮುಂಗಡ ಫೋನ್‌ಪೇ ಮಾಡಿಸಿಕೊಂಡು ‘ಮನೆಗೇ ತಲುಪಿಸ್ತೀವಿ’ ಎನ್ನುವವರಿಂದ ದೂರವಿರಬೇಕು. ಮಾಲು ಬಂದರೂ ಕಷ್ಟ, ಬರದಿದ್ದರೂ ಯಾರ ಹತ್ತಿರ ದೂರು ಹೇಳುವುದು?

ಸದ್ದಿಗೂ ಮಿತಿಯಿದೆ. ಪಟಾಕಿ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವಂಥದ್ದನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ ಎಂದು 1999ರಲ್ಲೇ ಪರಿಸರ ನಿಯಮಗಳಲ್ಲಿ ಸೇರಿಸಲಾಗಿದೆ.

ಇನ್ನೊಂದು ವಿಷಯವನ್ನು ಅಂಗಡಿಯವರು ಗಮನಿಸುವುದೇ ಇಲ್ಲ. 18 ವರ್ಷ ತುಂಬದವರಿಗೆ ಸ್ಫೋಟಕ ಮಾರುವಂತಿಲ್ಲ ಎಂದು ಕಾಯ್ದೆಯಲ್ಲೇ ಇದೆ. ಐದನೇ ಕ್ಲಾಸಿನ ಹುಡುಗ ನೂರು ರೂಪಾಯಿ ನೋಟು ಹಿಡಿದು ಬಂದು ‘ಅಂಕಲ್, ಒಂದು ಲಕ್ಷ್ಮಿ ಪಟಾಕಿ ಕೊಡಿ’ ಎಂದರೆ ಕೊಡಬಾರದು. ‘ಅಪ್ಪನ್ನ ಕರ್ಕೊಂಡು ಬಾ ಮರಿ’ ಎಂದು ವಾಪಸ್ ಕಳಿಸಬೇಕು. ಅಂಗಡಿಯಲ್ಲಿ ಸೇಲ್ಸ್‌ಗೆ ನಿಲ್ಲಿಸಿಕೊಳ್ಳುವ ಪಿಯುಸಿ ಹುಡುಗರಿಗೂ ಇದೇ ವಯಸ್ಸಿನ ಮಿತಿ.

ಎಷ್ಟು ಹೊತ್ತಿಗೆ, ಎಲ್ಲಿ?

ದೀಪಾವಳಿಗೆ ರಾತ್ರಿ 8ರಿಂದ 10. ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ಎರಡು ಗಂಟೆ, ಕರ್ನಾಟಕದಲ್ಲೂ ಇದೇ ಸಮಯ ಪಾಲನೆಯಲ್ಲಿದೆ. ಹೊಸ ವರ್ಷಕ್ಕೆ, ಕ್ರಿಸ್‌ಮಸ್‌ಗೆ ರಾತ್ರಿ 11.55ರಿಂದ 12.30ರವರೆಗೆ. ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆ ನೀರು ಹಾಕಿಕೊಂಡು ಪಟಾಕಿ ಹೊಡೆಯುವ ರೂಢಿ ಇರುವ ಮನೆಗಳಿಗೆ ಇದು ಇಷ್ಟವಾಗದ ಮಾತು. ಆದರೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದಿನ ಪಟಾಕಿ ಹಚ್ಚಬಾರದೆಂದು ಶಬ್ದಮಾಲಿನ್ಯ ನಿಯಮಗಳಲ್ಲೂ ಪ್ರತ್ಯೇಕವಾಗಿ ಇದೆ.

ಆಸ್ಪತ್ರೆ, ಶಾಲೆ ಕಾಲೇಜು, ಕೋರ್ಟ್ ಸುತ್ತ 100 ಮೀಟರ್‌ವರೆಗಿನ ಜಾಗ ನಿಶ್ಶಬ್ದ ವಲಯ. ಅಲ್ಲಿ ಯಾವ ಹೊತ್ತಿನಲ್ಲೂ ಸದ್ದಿನ ಪಟಾಕಿ ಹಚ್ಚುವಂತಿಲ್ಲ. ತಾಲೂಕು ಆಸ್ಪತ್ರೆ ಊರ ನಡುವೆ, ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲೇ ಇರುವ ಪಟ್ಟಣಗಳಲ್ಲಿ ಈ 100 ಮೀಟರ್ ಒಳಗೆ ಎಷ್ಟೋ ಓಣಿಗಳು ಬರುತ್ತವೆ. ಹೆರಿಗೆ ವಾರ್ಡಿನ ಕಿಟಕಿ ಕೆಳಗೆ ಆಟಂ ಬಾಂಬ್ ಇಡುವವರಿಗೆ ಕಾನೂನು ಹೇಳಿಕೊಡಬೇಕಾಗಿ ಬಂದಿರುವುದೇ ಬೇಸರದ ಸಂಗತಿ. ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಗೆ 2024ರ ಏಪ್ರಿಲ್‌ನಿಂದ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಮಾಡಲಾಗಿದೆ. ಅಜಾಗರೂಕತೆಯಿಂದ ಪಟಾಕಿ ಹಚ್ಚಿ ಬೇರೆಯವರಿಗೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 288ನೇ ಕಲಂ ಅಡಿ ಆರು ತಿಂಗಳವರೆಗೆ ಜೈಲಾಗಬಹುದು. ಕಿರಿಕಿರಿಯಾದವರು 112ಕ್ಕೆ ಫೋನ್ ಮಾಡಬಹುದು. ತಮ್ಮ ವ್ಯಾಪ್ತಿಯಲ್ಲಿ ಆದೇಶ ಪಾಲನೆಯಾಗದಿದ್ದರೆ ಆ ಠಾಣಾಧಿಕಾರಿಯೇ ಹೊಣೆ ಎಂದು ಕೋರ್ಟ್ ಹೇಳಿರುವುದರಿಂದ ‘ಹಬ್ಬ ಅಲ್ವಾ, ಬಿಡಿ’ ಎಂಬ ಉತ್ತರ ಸಲ್ಲದು.

ಜಾತ್ರೆ, ರಥೋತ್ಸವದ ಸಿಡಿಮದ್ದು ಪ್ರದರ್ಶನಕ್ಕೆ ಜಿಲ್ಲಾಡಳಿತದ ಪ್ರತ್ಯೇಕ ಅನುಮತಿ ಬೇಕು. 2024ರ ಅಕ್ಟೋಬರ್ ಕೊನೆಯಲ್ಲಿ ಪಕ್ಕದ ಕಾಸರಗೋಡು ಜಿಲ್ಲೆಯ ನೀಲೇಶ್ವರದ ದೈವಸ್ಥಾನದಲ್ಲಿ ಜನ ಕೂತಿದ್ದ ಜಾಗದ ಪಕ್ಕದಲ್ಲೇ ಕೂಡಿಟ್ಟಿದ್ದ ಪಟಾಕಿಗೆ ಕಿಡಿ ತಾಗಿ ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಹಲವರನ್ನು ಮಂಗಳೂರಿನ ಆಸ್ಪತ್ರೆಗಳಿಗೆ ತರಬೇಕಾಯಿತು. ಉತ್ಸವ ಸಮಿತಿಯವರು ಅನುಮತಿ ಪತ್ರದ ಜೊತೆಗೆ ಮದ್ದು ಎಲ್ಲಿಡುತ್ತೇವೆ ಎಂಬುದನ್ನೂ ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ತರುವಾಗ, ಉಳಿದಾಗ

ಅಗ್ಗ ಸಿಗುತ್ತದೆಂದು ಹೊಸೂರಿಗೋ ಶಿವಕಾಶಿಗೋ ಹೋಗಿ ರೈಲಿನಲ್ಲಿ ಪಟಾಕಿ ತರುವವರಿದ್ದಾರೆ. ರೈಲ್ವೆ ಕಾಯ್ದೆಯ 164ನೇ ಕಲಂ ಪ್ರಕಾರ ಇದಕ್ಕೆ ಮೂರು ವರ್ಷದವರೆಗೆ ಜೈಲಿದೆ. ಬಸ್ಸಿನಲ್ಲೂ ತರುವಂತಿಲ್ಲ. ಪಟಾಕಿ ಚೀಟಿ ಕಟ್ಟುವ ಮಹಿಳೆಯರು, ಸಂಘದವರು ಹಣ ಕೊಡುವ ಮೊದಲು ಚೀಟಿ ನಡೆಸುವವರ ಬಳಿ ಮಾಲು ಯಾವ ಲೈಸೆನ್ಸ್ ಇರುವ ಅಂಗಡಿಯಿಂದ ಬರುತ್ತದೆ ಎಂದು ಕೇಳಿಟ್ಟುಕೊಳ್ಳಬೇಕು. ಪಟಾಕಿಗೆ ಶೇ 18 ಜಿಎಸ್‌ಟಿ ಇದೆ, ಬಿಲ್ ಕೇಳಿ ಪಡೆಯಬೇಕು. ಕೈಯೋ ಕಣ್ಣೋ ಸುಟ್ಟುಕೊಂಡಾಗ ಆ ಮಾಲು ಯಾರದ್ದೆಂದು ತೋರಿಸಲು ಇರುವ ದಾಖಲೆ ಅದೊಂದೇ.

ಕಣ್ಣಿಗೆ ಪೆಟ್ಟಾದರೆ ಉಜ್ಜಬಾರದು, ಮನೆಮದ್ದು ಹಾಕಬಾರದು, ನೇರ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಬೆಂಗಳೂರಿನ ಮಿಂಟೊ ಆಸ್ಪತ್ರೆಗೆ ಪ್ರತಿ ದೀಪಾವಳಿಗೂ ಕಣ್ಣಿಗೆ ಗಾಯವಾದವರು ಬರುತ್ತಾರೆ. ಪಟಾಕಿ ಹಚ್ಚದೆ ಪಕ್ಕದಲ್ಲಿ ನಿಂತು ನೋಡುತ್ತಿದ್ದವರೂ ಅದರಲ್ಲಿರುತ್ತಾರೆ.

ವ್ಯಾಪಾರಿಗಳು ಹಬ್ಬ ಮುಗಿದ ಮೇಲೆ ಮಾಡುವ ತಪ್ಪೊಂದಿದೆ. ಉಳಿದ ಮಾಲನ್ನು ‘ಕಾರ್ತಿಕಕ್ಕೆ, ಹೊಸ ವರ್ಷಕ್ಕೆ ಆಗುತ್ತೆ’ ಎಂದು ಮನೆಯ ಅಟ್ಟಕ್ಕೋ ಅಂಗಡಿಯ ಹಿಂದಿನ ಕೋಣೆಗೋ ಸೇರಿಸುತ್ತಾರೆ. ತಾತ್ಕಾಲಿಕ ಲೈಸೆನ್ಸ್ ಅವಧಿ ಮುಗಿದ ಮರುದಿನದಿಂದಲೇ ಅದು ಅಕ್ರಮ ದಾಸ್ತಾನು. ಮಾಲು ತರುವಾಗಲೇ, ಉಳಿದದ್ದನ್ನು ವಾಪಸ್ ತೆಗೆದುಕೊಳ್ಳುವಂತೆ ಲೈಸೆನ್ಸ್ ಇರುವ ಸಗಟು ವ್ಯಾಪಾರಿಯ ಜೊತೆ ಮಾತಾಡಿ ಬರೆಸಿಕೊಂಡಿದ್ದರೆ ಈ ತಲೆನೋವು ಇರುವುದಿಲ್ಲ.